ಹೊಳೆ ಇಳಿದ ಮೇಲೆ

ಮಲಪ್ರಭಾ ಹೊಳೆ 2009ರ ಅಕ್ಟೋಬರ್ ಮೊದಲಿಗೆ ಊರೊಳಗೆ ಬಂತು, 2019ರ ಆಗಸ್ಟಿನಲ್ಲಿ ಮತ್ತೆ ಬಂತು. ಬಾದಾಮಿ, ಹುನಗುಂದ ಸೀಮೆಯ ದಂಡೆಯ ಹಳ್ಳಿಗಳಲ್ಲಿ ಮೊದಲ ಸಲ ಅಪ್ಪನ ಹೆಗಲೇರಿ ನೀರು ದಾಟಿದ ಕೂಸು, ಎರಡನೇ ಸಲ ತಂಗಿಯನ್ನು ಹೊತ್ತು ದಾಟುವ ವಯಸ್ಸಿಗೆ ಬಂದಿತ್ತು. ಪಂಚನಾಮೆಯಲ್ಲಿ ಮನೆ, ಎತ್ತು, ನೆನೆದ ಜೋಳದ ಚೀಲ ಸೇರುತ್ತವೆ. ಮಳೆಯ ಸದ್ದಿಗೆ ನಡುರಾತ್ರಿ ಎದ್ದು ಕೂರುವ ಮಗುವನ್ನು ಬರೆದುಕೊಳ್ಳಲು ಅದರಲ್ಲಿ ಜಾಗವಿಲ್ಲ.

*

"ಹುಡುಗ ಅಂಜ್ಯಾನ" ಎಂದು ಮನೆಯ ಹಿರಿಯರು ಹೇಳಿದರೆ ನಂಬಬೇಕು. ಎಂಟು ವರ್ಷದವ ಮತ್ತೆ ಹಾಸಿಗೆ ಒದ್ದೆ ಮಾಡುವುದು, ಅವ್ವನ ಸೆರಗು ಬಿಡದಿರುವುದು, ಸಾಲಿಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಎನ್ನುವುದು, ಇವು ಹಟವಲ್ಲ. ಅಂತ್ರ ಕಟ್ಟಿಸುವವರು ಕಟ್ಟಿಸಲಿ. ತಿಂಗಳು ಕಳೆದರೂ ಅಂಜಿಕೆ ಇಳಿಯದಿದ್ದರೆ ಮನೋವೈದ್ಯರ ಹತ್ತಿರವೂ ಕರೆದೊಯ್ಯಲಿ. ಒಂದಕ್ಕಾಗಿ ಇನ್ನೊಂದನ್ನು ಬಿಡಬಾರದು.

*

ಬೈದು ಅಂಜಿಕೆ ಬಿಡಿಸಿದವರನ್ನು ಯಾರೂ ಕಂಡಿಲ್ಲ.

*

ಹೊಳೆ ಕಂಡ ಮಕ್ಕಳು ಹೊಳೆಯನ್ನೇ ಆಡುತ್ತಾರೆ. ಅಂಗಳದ ಮಣ್ಣಿನಲ್ಲಿ ಮನೆ ಕಟ್ಟಿ, ತಂಬಿಗೆ ನೀರು ಸುರಿದು ಕೆಡವುತ್ತಾರೆ. ಮತ್ತೆ ಕಟ್ಟುತ್ತಾರೆ, ಮತ್ತೆ ಕೆಡವುತ್ತಾರೆ. ಅಪಶಕುನವೆಂದು ಗದರಿ ಎಬ್ಬಿಸುವುದು ಬೇಡ. ಪಕ್ಕದಲ್ಲಿ ಕೂತು, ಮನೆಯೊಳಗಿದ್ದವರು ಎಲ್ಲಿಗೆ ಹೋದರು ಎಂದು ಕೇಳಿದರೆ ಸಾಕು. ಕೆಲವು ದಿನಗಳಲ್ಲಿ ಮಗು ತಾನೇ ಒಂದು ಚಿಪ್ಪನ್ನು ದೋಣಿ ಮಾಡಿ ತರಬಹುದು, ಪುಟ್ಟ ದಿಬ್ಬವೊಂದನ್ನು ಗುಡಿ ಎನ್ನಬಹುದು. ತಾರದಿದ್ದರೆ, ಅದೇ ಆಟ ತಿಂಗಳುಗಟ್ಟಲೆ ಹಾಗೇ ನಡೆದರೆ, ಆಗ ನಮಗಿಂತ ತಿಳಿದವರು ಬೇಕು.

*

"ಆಯಿ, ಹೊಳಿ ಮತ್ತ ಬರತೈತೇನ?"

"ಇನ್ನ ಬರೂದಿಲ್ಲ" ಎಂದರೆ ಮುಂದಿನ ಮಳೆಗಾಲಕ್ಕೆ ಆಯಿಯ ಮಾತೂ ಕೊಚ್ಚಿಹೋಗುತ್ತದೆ. "ಬಂದ್ರ ಬರಬಹುದು. ನಾವು ಮೊದಲ ಎದ್ದು ಮ್ಯಾಲಿನ ಓಣಿಗೆ ಹೋಗೂಣು. ನಿನ್ನ ಕೈ ನಾ ಬಿಡೂದಿಲ್ಲ" ಎಂಬ ಮಾತಿಗೆ ಮಗು ನಿದ್ದೆ ಮಾಡುತ್ತದೆ.

*

ಗಂಜಿ ಕೇಂದ್ರದಲ್ಲಿ ಸಾಲಿಯ ಗಂಟೆ ಎಷ್ಟು ಬೇಗ ಹೊಡೆದರೆ ಅಷ್ಟು ಒಳ್ಳೆಯದು. ಪಾಠ ಆಮೇಲಾಗಲಿ. ನಾಳೆ ಇದೇ ಹೊತ್ತಿಗೆ ಇದೇ ಅಕ್ಕೋರು ಬರುತ್ತಾರೆ ಎಂಬ ಖಾತ್ರಿ ಮೊದಲು ಸಿಗಲಿ.

*

ನೊಂದ ಮಗುವನ್ನು ಬಂದವರೆಲ್ಲ "ಏನಾತು, ಹೇಳು" ಎಂದು ಕೇಳುವುದು ಕಾಳಜಿಯಲ್ಲ. ಪ್ರತಿ ಸಲ ಹೇಳುವಾಗಲೂ ಅದು ಆ ನೋವನ್ನು ಮತ್ತೊಮ್ಮೆ ಅನುಭವಿಸುತ್ತದೆ. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಯುವ 2012ರ ಪೋಕ್ಸೋ ಕಾಯ್ದೆ ಇದನ್ನು ಅರಿತಿದೆ. ಹೇಳಿಕೆ ಬರೆದುಕೊಳ್ಳುವ ಪೊಲೀಸರು ಸಮವಸ್ತ್ರ ತೊಡಬಾರದು, ಮಗುವಿನ ಮನೆಗೋ ಅದು ಬಯಸಿದ ಜಾಗಕ್ಕೋ ಹೋಗಬೇಕು, ನ್ಯಾಯಾಲಯ ಸಾಕ್ಷಿ ಹೇಳಲು ಪದೇ ಪದೇ ಕರೆಸಬಾರದು. ಪೊಲೀಸರಿಗೆ ಇಷ್ಟು ಕಟ್ಟುಪಾಡಿರುವಾಗ ಬೀಗರಿಗೆ, ಓಣಿಯವರಿಗೆ, ಮೈಕು ಹಿಡಿದು ಬಂದವರಿಗೆ ಯಾಕಿರಬಾರದು?

*

ಒಡಿಶಾದ ಚಂಡಮಾರುತ, ಗುಜರಾತಿನ ಭೂಕಂಪ, 2004ರ ಸುನಾಮಿ: ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಈ ಎಡೆಗಳಲ್ಲೆಲ್ಲ ಊರಿನವರಿಗೇ ತರಬೇತಿ ಕೊಟ್ಟು ನೊಂದವರ ಜೊತೆ ನಿಲ್ಲಿಸಿದರು. ಡಾಕ್ಟರು ದೂರದಲ್ಲಿದ್ದಾರೆ ಎಂಬ ಕಾರಣಕ್ಕೆ ಹಳ್ಳಿ ಕೈಕಟ್ಟಿ ಕೂರಬೇಕಿಲ್ಲ.

*

ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದವು, ನವನಗರ ಎದ್ದಿತು. ಮುಳುಗಡೆಯ ಪರಿಹಾರಕ್ಕೆ ಮನೆಯನ್ನು ಅಳೆದರು, ಗಿಡಮರ ಎಣಿಸಿದರು. ಬೇರೆ ಸೆಕ್ಟರಿಗೆ ಹೋದ ಗೆಳೆಯನಿಗೆ ಬೆಲೆ ಕಟ್ಟಲಾಗದು, ನಿಜ. ಮುಂದೆ ಊರು ಎತ್ತುವವರು ಒಂದೇ ಓಣಿಯ ಮಕ್ಕಳನ್ನು ಒಂದೇ ಕಡೆ ಇಡಬಹುದಲ್ಲ.

*

ಎಲ್ಲ ಹೊಳೆಯೂ ಹೊರಗಿನಿಂದ ಬರುವುದಿಲ್ಲ. ಕುಡಿದು ಬರುವ ಅಪ್ಪನ ಹೆಜ್ಜೆಯ ಸದ್ದನ್ನು ಗುರುತಿಸಬಲ್ಲ ಮಗು ಪಾಠದಲ್ಲಿ ಹಿಂದೆ ಬಿದ್ದರೆ ದಡ್ಡತನ ಎನ್ನಬೇಡಿ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ಇಂದು ವ್ಯಸನಮುಕ್ತ ದಿನ. ಆ ಜೋಳಿಗೆಗೆ ಚಟ ಹಾಕಿದ ಅಪ್ಪಂದಿರ ಮನೆಗಳಲ್ಲಿ ಎಷ್ಟು ಮಕ್ಕಳು ನಿಶ್ಚಿಂತೆಯಾಗಿ ಮಲಗಿರಬೇಕು! ಸ್ವಾಮಿಗಳ ಕೆಲಸವನ್ನು ನಾನು ಮಕ್ಕಳ ಕೆಲಸವೆಂದೇ ಎಣಿಸುತ್ತೇನೆ.

*

ಮಕ್ಕಳ ಸಹಾಯವಾಣಿ 1098 ಎಂದು ಸಾಲಿಯ ಗೋಡೆಗೆ ಬರೆಸುವವರು ಮಗುವಿನ ಕಣ್ಣೆತ್ತರಕ್ಕೆ ಬರೆಸಲಿ.

*

ಅಂಗನವಾಡಿ ಅಕ್ಕೋರ ಮನೆಯೂ ಅದೇ ನೀರಿನಲ್ಲಿ ನಿಂತಿರುತ್ತದೆ. ತನ್ನ ಪಾತ್ರೆಪಗಡಿ ಕೆಸರಲ್ಲಿ ಬಿಟ್ಟು ಮೂವತ್ತು ಮಕ್ಕಳನ್ನು ಕೂರಿಸಿಕೊಂಡು ಹಾಡು ಹೇಳಿಸುವ ಆಕೆಯನ್ನು "ನೀವು ಹೆಂಗದೀರಿ?" ಎಂದು ಕೇಳುವವರು ಬೇಕು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416 ಆಕೆಗೂ ಇದೆ. ರಾತ್ರಿ ಎಷ್ಟು ಹೊತ್ತಿಗಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.