ನೌಕರನ ಸ್ವಭಾವ, ಶ್ರಾವಕನ ಹೊಣೆ

ಸರಕಾರಿ ಕಚೇರಿಯ ಕೆಲಸವು ಸಕಾಲದಲ್ಲಿ ನೆರವೇರುವುದು ಕಾನೂನಿನ ಬಲದಿಂದಲೋ, ನೌಕರನ ಸ್ವಭಾವದಿಂದಲೋ? ಮಂಗಳೂರಿನ ಬಂದರು ಪೇಟೆಯಲ್ಲಿ ವ್ಯಾಪಾರ ನಡೆಸಿದ ನನ್ನನ್ನು ಈ ಪ್ರಶ್ನೆ ಬಹುಕಾಲದಿಂದ ಕಾಡಿದೆ.

ನಮ್ಮ ರಾಜ್ಯದಲ್ಲಿ ಕಾನೂನಿಗೆ ಕೊರತೆಯಿಲ್ಲ. ನಾಗರಿಕರಿಗೆ ಸೇವೆಗಳ ಖಾತರಿ ನೀಡುವ 2011ರ ಅಧಿನಿಯಮವು 2012ರಲ್ಲಿ ‘ಸಕಾಲ’ವೆಂಬ ಹೆಸರಿನಲ್ಲಿ ಕಾರ್ಯರೂಪಕ್ಕೆ ಬಂದಿತು. ವಿಳಂಬವಾದರೆ ಅರ್ಜಿದಾರನಿಗೆ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಸಲ್ಲಬೇಕೆಂದೂ ಅದನ್ನು ಹೊಣೆಗಾರನಾದ ನೌಕರನಿಂದಲೇ ವಸೂಲು ಮಾಡಬೇಕೆಂದೂ ಅದು ವಿಧಿಸುತ್ತದೆ. ಇದು ಶ್ಲಾಘನೀಯ. ಆದರೆ ಕಾನೂನು ದಿನಗಳನ್ನು ಎಣಿಸಬಲ್ಲುದೇ ಹೊರತು ಮನಸ್ಸನ್ನು ತಿದ್ದಲಾರದು.

ಮನಸ್ಸನ್ನು ಕೆಡಿಸುವ ಕಷಾಯಗಳು ನಾಲ್ಕೆಂದು ನಮ್ಮ ಆಚಾರ್ಯರು ತಿಳಿಸಿದ್ದಾರೆ. ಕ್ರೋಧವುಳ್ಳ ನೌಕರನು ಅರ್ಜಿದಾರನ ಮಾತನ್ನು ಕೇಳಿಸಿಕೊಳ್ಳಲಾರ, ಮಾನವುಳ್ಳವನು ನಿಂತವನನ್ನು ನಿಲ್ಲಿಸಿಯೇ ಇಡುವನು, ಮಾಯೆಯುಳ್ಳವನು ಬೇಡದ ದಾಖಲೆಯನ್ನು ಕೇಳುವನು, ಲೋಭಿಯು ಕೈಚಾಚುವನು.

ಬಹಳ ವರ್ಷಗಳ ಹಿಂದೆ ಕಚೇರಿಯೊಂದರಲ್ಲಿ ಇಬ್ಬರು ಗುಮಾಸ್ತರನ್ನು ಕಂಡಿದ್ದೆ. ಒಬ್ಬರ ಮುಖದಲ್ಲಿ ನಗುವಿರಲಿಲ್ಲ, ಮಾತೂ ಕಡಿಮೆ. ಆದರೆ ಕಡತಗಳು ಬಂದ ಕ್ರಮದಲ್ಲಿಯೇ ವಿಲೇವಾರಿಯಾಗುತ್ತಿದ್ದವು. ಇನ್ನೊಬ್ಬರು ಮೃದುಭಾಷಿ, “ಕುಳಿತುಕೊಳ್ಳಿ ಧಣಿಗಳೇ” ಎಂದು ಉಪಚರಿಸುವರು. ಕೆಲಸ ಮಾತ್ರ ನಾಳೆಗೆ. ಪರವಾನಗಿಯ ಆತುರದಲ್ಲಿ ನಾನು ಈ ಎರಡನೆಯವರಿಗೆ ಲಕೋಟೆಯೊಂದನ್ನಿತ್ತೆ. ಕಾಗದ ಅಂದೇ ದೊರೆಯಿತು. ಹೊರಬರುವಾಗ, ಬೆಳಗಿನಿಂದ ಕಾದಿದ್ದ ವೃದ್ಧೆಯೊಬ್ಬರು “ನಾಳೆ ಬನ್ನಿ” ಎನ್ನಿಸಿಕೊಂಡು ಬರಿಗೈಯಲ್ಲಿ ಮೆಟ್ಟಿಲಿಳಿಯುತ್ತಿದ್ದರು. ಅವರ ಸರದಿಯನ್ನು ಕಸಿದವರು ಗುಮಾಸ್ತರೊಬ್ಬರೇ ಅಲ್ಲವೆಂಬುದು ನನಗೆ ಆಗಲೇ ಹೊಳೆಯಿತು.

ಪ್ರಮಾದದಿಂದ ಜೀವಕ್ಕೆ ನೋವಾಗುವುದೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ನಿರೂಪಣೆಯ ಭಾವ. ಹಾಗಾದರೆ ಮೇಜಿನ ಮೇಲೆ ಧೂಳು ತಿನ್ನುವ ಅರ್ಜಿಯೂ ಹಿಂಸೆಯ ಒಂದು ರೂಪವೇ ಸರಿ. ಆದುದರಿಂದ ನೌಕರನಿಗೆ ಬೇಕಾದ ಮುಖ್ಯ ಗುಣವು ಸವಿಮಾತಲ್ಲ, ಅಪ್ರಮಾದ. ಸವಿಮಾತು ಅದಕ್ಕೆ ಶೋಭೆ ಮಾತ್ರ.

ಅದೇ ಗ್ರಂಥವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ರಾಜ್ಯನಿಯಮದ ಉಲ್ಲಂಘನೆಯನ್ನೂ ಎಣಿಸಿದೆ. ತಕ್ಕಡಿಯಲ್ಲಿ ಕಳ್ಳತೂಕವಿಡದ ವರ್ತಕನು ಕಚೇರಿಯ ಸರದಿಯಲ್ಲಿ ಕಳ್ಳದಾರಿ ಹಿಡಿದರೆ ವ್ರತವು ಉಳಿಯಿತೆನ್ನಬಹುದೇ? ಬಸದಿಯ ಜಮೀನಿನ ಕಾಗದಪತ್ರಗಳಿಗಾಗಿ ಕಚೇರಿಗೆ ಹೋಗುವ ಟ್ರಸ್ಟಿನವರಿಗೂ ಈ ಮಾತು ಸಲ್ಲುತ್ತದೆ; ಧರ್ಮಕಾರ್ಯವೆಂಬ ಕಾರಣಕ್ಕೆ ದೋಷವು ತೊಲಗದು.

ನೌಕರನ ಲೋಭವನ್ನು ಬೆಳೆಸುವುದು ನಮ್ಮ ಅವಸರ. ಆತನ ಸ್ವಭಾವವನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲದಿರಬಹುದು. ನಮ್ಮ ಸರದಿಗೆ ಕಾಯುವುದು ಖಂಡಿತ ನಮ್ಮ ಕೈಯಲ್ಲಿದೆ.