ಗುಣವು ದ್ರವ್ಯವನ್ನು ಬಿಟ್ಟು ನಡೆದೀತೆ?

ನ್ಯಾಯ–ವೈಶೇಷಿಕ ದರ್ಶನವು ಪದಾರ್ಥಗಳ ನಡುವಣ ನಂಟಿನಲ್ಲಿ ಎರಡು ಮುಖ್ಯ ಬಗೆಗಳನ್ನು ಗುರುತಿಸುತ್ತದೆ. ಬೇರೆ ಬೇರೆಯಾಗಿಯೂ ಇರಬಲ್ಲ ಎರಡು ದ್ರವ್ಯಗಳು ಕೂಡಿಕೊಂಡರೆ ಅದು ಸಂಯೋಗ. ಒಂದು ಇನ್ನೊಂದನ್ನು ಆಶ್ರಯಿಸಿಯೇ ಇರಬೇಕಾದ, ಅದನ್ನು ಬಿಟ್ಟರೆ ನೆಲೆಯೇ ಇಲ್ಲದ ಜೋಡಿಯ ನಡುವೆ ಇರುವುದು ಸಮವಾಯ. ಕೋಲಾರದ ಚಿನ್ನದ ಗಣಿಯಲ್ಲಿ ಬೆಣಚುಕಲ್ಲಿಗೂ ಚಿನ್ನಕ್ಕೂ ಇದ್ದದ್ದು ಸಂಯೋಗ. ಆದುದರಿಂದಲೇ ಕಲ್ಲನ್ನು ಕುಟ್ಟಿ ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ಬೇರ್ಪಡಿಸಲು ಸಾಧ್ಯವಾಯಿತು, ಉಳಿದ ಪುಡಿ ಕೆ.ಜಿ.ಎಫ್. ಸುತ್ತ ದಿಬ್ಬಗಳಾಗಿ ನಿಂತಿತು. ಆದರೆ ದ್ರವ್ಯಕ್ಕೂ ಗುಣಕ್ಕೂ ಇರುವುದು ಸಮವಾಯ, ದ್ರವ್ಯದಿಂದ ಗುಣವನ್ನು ಹಾಗೆ ಕುಟ್ಟಿ ತೆಗೆಯುವ ಗಿರಣಿ ಇಲ್ಲವೆಂಬುದು ಈ ದರ್ಶನದ ತಾರ್ಕಿಕರ ನಿಲುವು. ಚಿನ್ನದ ಬಗ್ಗೆ ಅವರ ಮಾತು ವಿಚಿತ್ರವಾಗಿಯೂ ಇದೆ: ಎಷ್ಟು ಕಾಸಿದರೂ ಅದರ ದ್ರವತ್ವ ನಾಶವಾಗದ ಕಾರಣ ಚಿನ್ನವು ತೇಜಸ್ಸಿನ ಒಂದು ಭೇದ, ಗಣಿಯಲ್ಲಿ ಹುಟ್ಟುವುದರಿಂದ ‘ಆಕರಜ’, ಅದರ ಹಳದಿ ಬಣ್ಣವಾದರೋ ಅದರೊಡನೆ ಬೆರೆತ ಪಾರ್ಥಿವ ಭಾಗದ್ದು.

ಈ ಸಮವಾಯದ ಕಲ್ಪನೆಯನ್ನು ಇಂದಿನ ಭೌತವಿಜ್ಞಾನದ ಮುಂದೆ ಹಿಡಿದು ನೋಡಲು ಎಲೆಕ್ಟ್ರಾನಿಗಿಂತ ತಕ್ಕ ವಸ್ತು ಸಿಗದು. 1897ರಲ್ಲಿ ಜೆ.ಜೆ. ಥಾಮ್ಸನ್ ಗುರುತಿಸಿದ ಈ ಕಣಕ್ಕೆ ವಿದ್ಯುದಾವೇಶವೆಂಬ ಗುಣವಿದೆ. 1925ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಅದಕ್ಕೆ ಸ್ಪಿನ್ ಎಂಬ ಇನ್ನೊಂದು ಗುಣವನ್ನೂ ಸೇರಿಸಿದರು. ಸ್ಪಿನ್ ಎಂಬುದು, ಸರಳವಾಗಿ ಹೇಳುವುದಾದರೆ, ಕಣವನ್ನು ಪುಟ್ಟ ಅಯಸ್ಕಾಂತವನ್ನಾಗಿಸುವ, ಅಳೆದಾಗ ‘ಮೇಲೆ’ ಅಥವಾ ‘ಕೆಳಗೆ’ ಎಂಬ ಎರಡೇ ಉತ್ತರ ಕೊಡುವ ಸ್ವಭಾವ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಗಣಿಗಳಿಗೆ ವಿದ್ಯುತ್ತನ್ನು ತಂದ ತಂತಿಗಳಲ್ಲಿ ಎಲೆಕ್ಟ್ರಾನುಗಳು ಒಂದನ್ನೊಂದು ಸದಾ ತಳ್ಳುತ್ತಲೇ ಇದ್ದರೂ, ಪ್ರತಿಯೊಂದೂ ತನ್ನ ಆವೇಶ, ಸ್ಪಿನ್ ಎರಡನ್ನೂ ಹೊತ್ತ ಒಂಟಿ ಪಯಣಿಗನಂತೆಯೇ ವರ್ತಿಸುತ್ತಿತ್ತೆಂದು ತಿಳಿಯಬಹುದು. ಅದು ಹಾಗೇಕೆ ಎಂಬುದನ್ನು ಲ್ಯಾಂಡೌ 1956ರಲ್ಲಿ ವಿವರಿಸಿದನು.

ತಂತಿ ಒಂದೇ ಆಯಾಮಕ್ಕೆ ಇಳಿದಾಗ, ಎಂದರೆ ಎಲೆಕ್ಟ್ರಾನುಗಳಿಗೆ ಮುಂದೆ ಮತ್ತು ಹಿಂದೆ ಎಂಬುದರ ಹೊರತು ಬೇರೆ ದಾರಿಯೇ ಇಲ್ಲದಾದಾಗ, ಈ ಚಿತ್ರ ಕೆಡುತ್ತದೆ. ಪಾಲಾರ್ ನದಿಯ ನೀರನ್ನು ಹಿಡಿದಿಟ್ಟ ಬೇತಮಂಗಲದ ಕೆರೆಯಲ್ಲಿ ಎದುರುಬದುರಾದ ಎರಡು ಮೀನುಗಳು ಒಂದನ್ನೊಂದು ಬಳಸಿಕೊಂಡು ಹೋಗಬಲ್ಲವು. ಒಂದೇ ಮೀನು ಹಿಡಿಸುವಷ್ಟು ಕಿರಿದಾದ ಕೊಳವೆಯಲ್ಲಿ ಒಂದು ಅಲುಗಿದರೆ ಸಾಲೆಲ್ಲ ಅಲುಗಲೇಬೇಕು. ಇಂಥ ಸಾಲಿನಲ್ಲಿ ಉಳಿಯುವುದು ಒಂಟಿ ಕಣದ ಚಲನೆಯಲ್ಲ, ಸಮೂಹದ ಅಲೆ. ಟೊಮೊನಾಗಾ 1950ರಲ್ಲಿ, ಲಟ್ಟಿಂಜರ್ 1963ರಲ್ಲಿ ಕಟ್ಟಿದ ಈ ಸಿದ್ಧಾಂತದ ಪ್ರಕಾರ ಆವೇಶದ ಅಲೆ ಒಂದು ವೇಗದಲ್ಲಿ, ಸ್ಪಿನ್ ಅಲೆ ಇನ್ನೊಂದು ವೇಗದಲ್ಲಿ ಸಾಗುತ್ತವೆ. ಇಕ್ಕಟ್ಟಾದ ಸುರಂಗದಲ್ಲಿ ಗಣಿ ಕಾರ್ಮಿಕರು ಸಾಲಾಗಿ ನಿಂತು, ಒಬ್ಬರು ಬಲಗೈಯಲ್ಲಿ, ಮುಂದಿನವರು ಎಡಗೈಯಲ್ಲಿ ದೀಪ ಹಿಡಿದಿದ್ದಾರೆಂದು ಭಾವಿಸಬಹುದು. ಬಲಗೈ ದೀಪದವನೊಬ್ಬ ಸಾಲಿನಿಂದ ಮಾಯವಾದರೆ ಅಲ್ಲೊಂದು ತೆರಪು ಉಳಿಯುತ್ತದೆ, ಅದರ ಎರಡು ಪಕ್ಕದಲ್ಲೂ ಎಡಗೈ ದೀಪಗಳಿರುತ್ತವೆ. ಪಕ್ಕದವನು ತೆರಪಿಗೆ ಸರಿದ ಕೂಡಲೇ ತೆರಪು ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಆದರೆ ಎರಡು ಎಡಗೈ ದೀಪಗಳು ಅಕ್ಕಪಕ್ಕ ಬಂದ ಎಡವಟ್ಟು ಮಾತ್ರ ಹಿಂದೆಯೇ ಉಳಿಯುತ್ತದೆ. ಒಬ್ಬನೇ ಕಾರ್ಮಿಕನ ಗೈರುಹಾಜರಿ ಹೀಗೆ ಎರಡು ತುಂಡಾಗುತ್ತದೆ. ತೆರಪು ಆವೇಶದ ಕಥೆ, ದೀಪಗಳ ಎಡವಟ್ಟು ಸ್ಪಿನ್ನಿನ ಕಥೆ.

ಹಾಗಾದರೆ ಗುಣಗಳು ದ್ರವ್ಯವನ್ನು ಬಿಟ್ಟು ನಡೆದವೇ? ಹಾಗೆಂದು ತೀರ್ಮಾನಿಸುವುದು ಅವಸರವಾದೀತು. ತಾರ್ಕಿಕರು ಎಳೆಗಳಿಂದಾದ ಬಟ್ಟೆಯನ್ನು ಎಳೆಗಳ ಬರಿಯ ಗುಂಪೆಂದು ಒಪ್ಪದೆ, ‘ಅವಯವಿ’ ಎಂಬ ಹೊಸ ದ್ರವ್ಯವೆಂದೇ ಎಣಿಸುತ್ತಾರೆ. ಸಾಲನ್ನೇ ಅವಯವಿಯೆಂದು ಹಿಡಿದರೆ ಎರಡು ಅಲೆಗಳೂ ಅದರಲ್ಲೇ ನೆಲೆಸಿರುತ್ತವೆ. ಕೆಟ್ಟದ್ದು ಸಮವಾಯವಲ್ಲ, ಒಂಟಿ ಎಲೆಕ್ಟ್ರಾನನ್ನೇ ಆಶ್ರಯವೆಂದು ಆರಿಸಿಕೊಂಡ ನಮ್ಮ ಎಣಿಕೆ. ನಿಜವಾದ ಪೆಟ್ಟು ಬೀಳುವುದು ಬೇರೆಡೆಗೆ. ಎಳೆಯ ಬಿಳುಪಿನಿಂದಲೇ ಬಟ್ಟೆಯ ಬಿಳುಪು ಬರುವಂತೆ, ಕಾರಣದ ಗುಣಗಳಿಂದ ಕಾರ್ಯದ ಗುಣಗಳು ಹುಟ್ಟುತ್ತವೆಂಬ ಅವರ ನಿಯಮಕ್ಕೆ ಇಲ್ಲಿ ಆಧಾರ ಸಿಗುವುದಿಲ್ಲ, ಏಕೆಂದರೆ ಆ ಎರಡು ಬೇರೆ ವೇಗಗಳು ಯಾವ ಒಂಟಿ ಎಲೆಕ್ಟ್ರಾನಿನಲ್ಲೂ ಇರಲಿಲ್ಲ.

ಈ ಬೇರ್ಪಡೆಯನ್ನು ಕಣ್ಣಾರೆ ಕಂಡೆವೆಂಬ ಒಂದು ಸಾರಿಕೆ ಬಂದದ್ದು ಚಿನ್ನದಿಂದಲೇ. ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಸಿಲಿಕಾನ್ ಮೇಲ್ಮೈಯಲ್ಲಿ ಚಿನ್ನದ ಪರಮಾಣುಗಳು ಸರಪಳಿಯಂತೆ ಸಾಲುಗಟ್ಟುತ್ತವೆ. ಅವುಗಳ ಮೇಲೆ ಅತಿನೇರಳೆ ಬೆಳಕು ಬೀರಿ, ಚಿಮ್ಮಿ ಬಂದ ಎಲೆಕ್ಟ್ರಾನುಗಳ ಶಕ್ತಿಯನ್ನೂ ಕೋನವನ್ನೂ ಅಳೆದ ಸೆಗೋವಿಯಾ ಮತ್ತು ಸಂಗಡಿಗರು ಒಂದು ಗೆರೆಯ ಬದಲು ಎರಡು ಗೆರೆಗಳನ್ನು ಕಂಡು, ಒಂದು ಆವೇಶದ್ದು, ಇನ್ನೊಂದು ಸ್ಪಿನ್ನಿನದು ಎಂದು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಿದ್ಧಾಂತವು ಸರಿಯಾಗಿದ್ದರೆ ಎರಡು ಗೆರೆಗಳೂ ತುಂಬಿದ ಶಕ್ತಿಮಟ್ಟಗಳ ಅಂಚಿನಲ್ಲಿ ಒಂದೇ ಬಿಂದುವಿಗೆ ಬಂದು ಸೇರಬೇಕಾಗಿತ್ತು. 2001ರ ಹೆಚ್ಚು ಸೂಕ್ಷ್ಮವಾದ ಅಳತೆಯಲ್ಲಿ ಅವು ಸೇರಲಿಲ್ಲ.

ಕಾರಣ ಚಿನ್ನದ ಸ್ವಭಾವದಲ್ಲೇ ಇತ್ತು. 79 ಪ್ರೋಟಾನುಗಳ ಭಾರವಾದ ನ್ಯೂಕ್ಲಿಯಸ್ಸಿನ ಬಳಿ ಬಹುವೇಗವಾಗಿ ಸಾಗುವ ಎಲೆಕ್ಟ್ರಾನಿಗೆ ಅಲ್ಲಿನ ವಿದ್ಯುತ್ ಕ್ಷೇತ್ರವು ಕಾಂತಕ್ಷೇತ್ರದಂತೆ ತೋರುತ್ತದೆ, ಆಗ ಅದರ ಸ್ಪಿನ್ ಅದರ ಚಲನೆಯ ದಿಕ್ಕಿಗೆ ಕಟ್ಟುಬೀಳುತ್ತದೆ. ಇದಕ್ಕೆ ಸ್ಪಿನ್–ಕಕ್ಷಾ ಸಂಬಂಧವೆಂದು ಹೆಸರು. (ಚಿನ್ನ ಹಳದಿಯಾಗಿರುವುದೂ ಇದೇ ಅತಿವೇಗದ ಪರಿಣಾಮದಿಂದ, ಪಾರ್ಥಿವ ಭಾಗವನ್ನು ದೂರಿದ ತಾರ್ಕಿಕರು ಇಲ್ಲಿ ಸೋತರು.) 2004ರ ಲೆಕ್ಕಾಚಾರ ಮತ್ತು 2006ರ ಪ್ರಯೋಗ ಇವೆರಡೂ ಆ ಗೆರೆಗಳು ಒಡೆದ ಎಲೆಕ್ಟ್ರಾನಿನ ಎರಡು ಚೂರುಗಳಲ್ಲ, ಎದುರು ಸ್ಪಿನ್ನಿನ ಎರಡು ಇಡೀ ಎಲೆಕ್ಟ್ರಾನುಗಳ ಗುರುತುಗಳೆಂದು ತೋರಿಸಿದವು. ನ್ಯಾಯದ ಮಾತಿನಲ್ಲಿ ಇದು ಸವ್ಯಭಿಚಾರ ಹೇತು: ಸಾಧಿಸಬೇಕಾದ ಸಂಗತಿ ಇಲ್ಲದ ಕಡೆಯೂ ಕಾಣಿಸಿಕೊಳ್ಳುವ ಗುರುತು. ಇನ್ನೂ ಸ್ವಾರಸ್ಯವೆಂದರೆ, ಸ್ಪಿನ್–ಕಕ್ಷಾ ಸಂಬಂಧವೂ ಪರಸ್ಪರ ತಳ್ಳಾಟವೂ ಒಟ್ಟಿಗಿರುವ ತಂತಿಯಲ್ಲಿ ಆವೇಶದ ಅಲೆಯೂ ಸ್ಪಿನ್ ಅಲೆಯೂ ಮತ್ತೆ ಒಂದರೊಳಗೊಂದು ಬೆರೆಯಬಹುದೆಂದು 2000ದಲ್ಲೇ ಮೊರೊಜ್ ಮತ್ತಿತರರು ತೋರಿಸಿದ್ದರು.

ಬೇರ್ಪಡೆಗೆ ಗಟ್ಟಿಯಾದ ಸಾಕ್ಷ್ಯವು ಒದಗಿದ್ದು ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ತಂತಿಗಳಲ್ಲಿ, 2005ರಲ್ಲಿ ಒಮ್ಮೆ, ಕೇಂಬ್ರಿಜ್‌ನಲ್ಲಿ 2009ರಲ್ಲಿ ಇನ್ನೊಮ್ಮೆ. ಆ ಚಿನ್ನದ ಸರಪಳಿಯ ಎರಡು ಗೆರೆಗಳಲ್ಲಿ ಕಂಡದ್ದು ಮಾತ್ರ ಸ್ಪಿನ್ನನ್ನೂ ಆವೇಶವನ್ನೂ ಜೊತೆಯಲ್ಲೇ ಹೊತ್ತ ಎಲೆಕ್ಟ್ರಾನು.