ಹನ್ನೆರಡು ಹೊಸ ಹೆಸರು

ಗೆದ್ದ ತಂಡವನ್ನು ಹೊಗಳಬಹುದು, ಸೋತ ತಂಡವನ್ನು ಬೈಯಬಹುದು. ಇನ್ನೂ ಆಡದ ತಂಡದ ಮುಂದೆ ಅಭಿಮಾನಿ ನಿರುದ್ಯೋಗಿ.

*

2024ರ ಬೇಸಿಗೆಯಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದ ಪಟ್ಟಿ ಕೈಗೆ ಬಂತು. ಸ್ಕಾಲರ್‌ಶಿಪ್ ಮೇಲೆ ಆಡುವವರು ಹನ್ನೆರಡು ಮಂದಿ. ಹಿಂದಿನ ವರ್ಷದವನು ಒಬ್ಬನೂ ಇಲ್ಲ. ಹದಿನೈದು ವರ್ಷ ಕೋಚ್ ಆಗಿದ್ದ ಜಾನ್ ಕ್ಯಾಲಿಪಾರಿ ಏಪ್ರಿಲ್‌ನಲ್ಲಿ ಅರ್ಕಾನ್ಸಾಗೆ ಹೊರಟಿದ್ದರು. ಹುಡುಗರಲ್ಲಿ ಕೆಲವರು ಅವರ ಹಿಂದೆಯೇ ಹೋದರು, ಕೆಲವರು ವೃತ್ತಿಪರ ಲೀಗಾದ ಎನ್‌ಬಿಎ ದಾರಿ ಹಿಡಿದರು, ಮಿಕ್ಕವರು ಬೇರೆ ಬೇರೆ ಕಾಲೇಜು ಸೇರಿದರು. ನೀಲಿ ಅಂಗಿ, ಇಪ್ಪತ್ತು ಸಾವಿರ ಜನ ಹಿಡಿಸುವ ರಪ್ ಅರೀನಾ, ಅಲ್ಲಿ ತೂಗುಹಾಕಿದ ಎಂಟು ರಾಷ್ಟ್ರೀಯ ಪ್ರಶಸ್ತಿಗಳ ಬ್ಯಾನರು, ಇವಿಷ್ಟು ಉಳಿದವು. ನಾವೂ ಉಳಿದೆವು.

*

ಕಾಲೇಜು ಬದಲಿಸಲು ಆಟಗಾರನಿಗೆ ಟ್ರಾನ್ಸ್‌ಫರ್ ಪೋರ್ಟಲ್ ಇದೆ. ಕೋಚ್‌ಗೆ ಕರಾರಿನಿಂದ ಹೊರಬರುವ ದಾರಿ ಇದೆ. ಅಭಿಮಾನಿ ಎಲ್ಲಿಗೆ ಹೋಗಬೇಕು?

*

ಐಪಿಎಲ್ ಹರಾಜಿನ ಮರುದಿನ ಹೊಸ ಹೆಸರುಗಳನ್ನು ಬಾಯಿಪಾಠ ಮಾಡುವ ಕಷ್ಟ ಆರ್‌ಸಿಬಿಯವರಿಗೆ ಚೆನ್ನಾಗಿ ಗೊತ್ತು. ಆದರೆ ಹರಾಜಿನಲ್ಲಿ ಕೊಳ್ಳುವ ತಂಡದ ಮಾತೇ ಕಡೆಯ ಮಾತು; ಪೋರ್ಟಲ್‌ನಲ್ಲಿ ಅದು ಆಟಗಾರನದು. ಅವನು ನಮ್ಮನ್ನು ಒಪ್ಪಿ ಬಂದ ಎಂಬುದಕ್ಕೇ ಮೊದಲ ದಿನದ ಅರ್ಧ ಪ್ರೀತಿ ಖರ್ಚಾಗುತ್ತದೆ. ಇನ್ನರ್ಧ, ನಮಗಾಗದವರನ್ನು ಒಲ್ಲೆ ಎಂದನಲ್ಲ, ಅದಕ್ಕೆ.

*

ಹೊಸ ಕೋಚ್ ಮಾರ್ಕ್ ಪೋಪ್ 1996ರಲ್ಲಿ ಪ್ರಶಸ್ತಿ ಗೆದ್ದ ಕೆಂಟಕಿ ತಂಡದ ನಾಯಕರಾಗಿದ್ದವರು. ಅವರನ್ನು ಪರಿಚಯಿಸುವ ಪತ್ರಿಕಾಗೋಷ್ಠಿಗೆ ಏಪ್ರಿಲ್ 14ರಂದು ರಪ್ ಅರೀನಾ ತುಂಬಿಹೋಯಿತು. ಪತ್ರಿಕಾಗೋಷ್ಠಿಗೆ! ಆಡುವವರು ಯಾರೆಂದು ಅವರಿಗೂ ಗೊತ್ತಿರಲಿಲ್ಲ, ಕೂಗುವವರಿಗೂ ಗೊತ್ತಿರಲಿಲ್ಲ.

*

‘ನಮ್ಮವನೇ ಮನೆಗೆ ಬಂದ’ ಎಂದು ಊರೆಲ್ಲ ಹಿಗ್ಗಿತು. ಆ ನಮ್ಮವನೂ ಒಂದು ಕಾಲಕ್ಕೆ ಹೊರಗಿನಿಂದ ಬಂದವನೇ. ಮೊದಲ ಎರಡು ವರ್ಷ ಪೋಪ್ ಆಡಿದ್ದು ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ. ಕಾಲೇಜು ಬದಲಿಸಿದವನು ಒಂದು ವರ್ಷ ಪಂದ್ಯವಾಡದೆ ಕೂರಬೇಕು ಎಂಬ ನಿಯಮ ಆಗ ಇತ್ತು. ಆಟಗಾರನಿಗೆ ಅದು ಶಿಕ್ಷೆ, ಅಭಿಮಾನಿಗೆ ಅನುಕೂಲ. ಬೆಂಚಿನ ತುದಿಯಲ್ಲಿ ಚಪ್ಪಾಳೆ ತಟ್ಟುತ್ತ ಕೂತವನ ಮುಖ ಚಳಿಗಾಲವಿಡೀ ಕಣ್ಣಿಗೆ ಬಿದ್ದು, ಅವನು ಅಂಗಳಕ್ಕಿಳಿಯುವ ಹೊತ್ತಿಗೆ ಹಳಬನಾಗಿಬಿಟ್ಟಿರುತ್ತಿದ್ದ. 2021ರಲ್ಲಿ ಮೊದಲ ಸಲದ ಬದಲಾವಣೆಗೆ ಈ ಕಾಯುವ ವರ್ಷ ಹೋಯಿತು. 2024ರಲ್ಲಿ ಎಷ್ಟು ಸಲ ಬದಲಿಸಿದರೂ ಕಾಯಬೇಕಿಲ್ಲ ಎಂದಾಯಿತು. ಏಪ್ರಿಲ್‌ನಲ್ಲಿ ಯಾರೋ, ನವೆಂಬರಿನಲ್ಲಿ ನಮ್ಮ ಹುಡುಗ.

*

ಮೊದಲು ಪರಿಚಯ, ಆಮೇಲೆ ಪ್ರೀತಿ ಎಂಬ ಕ್ರಮವಿತ್ತು. ಈಗ ಪ್ರೀತಿಯನ್ನು ಮುಂಗಡ ಕೊಟ್ಟು ಪರಿಚಯಕ್ಕೆ ಕಾಯಬೇಕು. ಹಾಗಂತ ಇದು ನಕಲಿ ಪ್ರೀತಿ ಎನ್ನುವವರ ಜತೆ ನನ್ನ ತಕರಾರಿದೆ. ನಂಬಿಕೆ ಇಲ್ಲದವನು ಮುಂಗಡ ಕೊಡುವುದಿಲ್ಲ.

*

ದುಡ್ಡಿಗೆ ಬಂದರು ಎಂದು ಮೂಗು ಮುರಿಯುತ್ತಾರೆ. 2021ರ ಜುಲೈವರೆಗೆ ಕಾಲೇಜು ಆಟಗಾರ ತನ್ನ ಹೆಸರು, ತನ್ನ ಚಿತ್ರದಿಂದ ಸಂಪಾದಿಸುವುದೇ ನಿಯಮಭಂಗವಾಗಿತ್ತು. ಅದೇ ಕಾಲಕ್ಕೆ ಹೆಸರಾಂತ ಕೋಚ್‌ಗಳ ಸಂಬಳ ಹತ್ತಾರು ಲಕ್ಷ ಡಾಲರ್. ದುಡ್ಡು ಆಗಲೂ ಹರಿಯುತ್ತಿತ್ತು, ಬೆವರು ಸುರಿಸುವವರ ಕಡೆ ಮಾತ್ರ ಹರಿಯುತ್ತಿರಲಿಲ್ಲ.

*

ಹೊಸ ತಂಡದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಭುಜಗಳು. ಹುಡುಗರ ಭುಜ ಹೋಗಿ ಗಂಡಸರ ಭುಜ ಬಂದಿತ್ತು.

ಕೆಂಟಕಿ ಹಲವು ವರ್ಷ ಹದಿನೆಂಟರ ಪ್ರತಿಭೆಗಳ ತವರಾಗಿತ್ತು. ಶಾಲೆ ಮುಗಿಸಿ ಬರುವುದು, ಒಂದು ವರ್ಷ ಆಡುವುದು, ಎನ್‌ಬಿಎಗೆ ಹಾರುವುದು. 2012ರ ಪ್ರಶಸ್ತಿ ಬಂದದ್ದು ಹಾಗೆಯೇ. ಆಮೇಲೆ 2022ರಲ್ಲಿ ಸೇಂಟ್ ಪೀಟರ್ಸ್ ಎಂಬ ಪುಟ್ಟ ಕಾಲೇಜು, 2024ರಲ್ಲಿ ಓಕ್ಲೆಂಡ್ ಎಂಬ ಇನ್ನೊಂದು, ನಮ್ಮನ್ನು ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿದವು. ಓಕ್ಲೆಂಡಿನ ಜಾಕ್ ಗೋಲ್ಕಿ ಆ ರಾತ್ರಿ ಹತ್ತು ತ್ರೀ, ಅಂದರೆ ದೂರದಿಂದ ಎಸೆಯುವ ಮೂರು ಪಾಯಿಂಟಿನ ಬುಟ್ಟಿ, ಹಾಕಿದ. ಪದವಿ ಮುಗಿಸಿಯೂ ಆಡುತ್ತಿದ್ದವನು ಅವನು. ಎನ್‌ಬಿಎ ಕನಸಿನ ಪಟ್ಟಿಗಳಲ್ಲಿ ಅವನ ಹೆಸರಿರಲಿಲ್ಲ. ಏನೋ ಆಗಲಿರುವವರನ್ನು ಈಗಾಗಲೇ ಏನೋ ಆಗಿರುವವನು ಸೋಲಿಸಿದ.

ಈ ಹೊಸ ಪಟ್ಟಿಯಲ್ಲಿ ಒಂಬತ್ತು ಮಂದಿ ಬೇರೆ ಕಾಲೇಜುಗಳಲ್ಲಿ ಆಡಿ ಬಂದವರು. ಪೋಪ್ ಆ ರಾತ್ರಿಯ ಪಾಠ ಓದಿಕೊಂಡಿದ್ದಾರೆ ಅನ್ನಿಸಿತು.

*

ಕೋಬಿ ಬ್ರೇಯ, ಡೇಟನ್‌ನಿಂದ. ಹಿಂದಿನ ವರ್ಷ ತ್ರೀ ಎಸೆತದಲ್ಲಿ ದೇಶಕ್ಕೇ ಮೊದಲು: ಶೇ. 49.8. ಅಂದರೆ ದೇಶದ ಅತ್ಯುತ್ತಮ ಗುರಿಕಾರನೂ ಹಾಕಿದ್ದಕ್ಕಿಂತ ತಪ್ಪಿಸಿದ್ದೇ ಒಂದು ಕೂದಲೆಳೆ ಹೆಚ್ಚು. ಅವನು ಮೊದಲ ಎಸೆತ ತಪ್ಪಿಸಿದಾಗ ‘ಅಯ್ಯೋ’ ಎನ್ನುವ ಹಕ್ಕು ನಮಗಿಲ್ಲ, ಆದರೂ ಎನ್ನುತ್ತೇವೆ.

*

ಅಂಕಿ-ಅಂಶಗಳಲ್ಲಿ ಹಳೆಯ ಎದುರಾಳಿಗಳು ಕಾಣುವುದಿಲ್ಲ. ಸಣ್ಣ ಲೀಗಿನ ಇಪ್ಪತ್ತು ಪಾಯಿಂಟು ದೊಡ್ಡ ಲೀಗಿನಲ್ಲಿ ಹತ್ತಾಗಬಹುದು; ಯಾರ ಹತ್ತು ಹದಿನಾರಾಗುತ್ತದೆ ಎಂದು ಹೇಳಬಲ್ಲವನೇ ಜಾಣ. ಆನ್‌ಸ್ಲಿ ಆಲ್ಮೊನೋರ್ ಫೇರ್ಲಿ ಡಿಕಿನ್ಸನ್‌ನಿಂದ ಬಂದ ಎಂದಾಗ ಹಲವರು ಭುಜ ಕುಣಿಸಿದರು. 2023ರಲ್ಲಿ ಅದೇ ಫೇರ್ಲಿ ಡಿಕಿನ್ಸನ್ ಹದಿನಾರನೇ ಶ್ರೇಯಾಂಕದಿಂದ ಬಂದು ಒಂದನೇ ಶ್ರೇಯಾಂಕದ ಪರ್ಡ್ಯೂವನ್ನು 63-58ರಿಂದ ಮಣಿಸಿತ್ತು, ಅವನು ಆ ತಂಡದಲ್ಲಿದ್ದ. ಸಣ್ಣ ಕಾಲೇಜುಗಳ ಕೈಲಿ ಎರಡೆರಡು ಸಲ ಸೋತ ಊರಿನವರು ಸಣ್ಣ ಕಾಲೇಜು ಎಂದು ಹಗುರ ಮಾಡುವುದನ್ನು ಬಿಡಬೇಕು.

*

ಲ್ಯಾಮಾಂಟ್ ಬಟ್ಲರ್‌ನನ್ನು ದೇಶ ನೆನಪಿಟ್ಟುಕೊಂಡಿರುವುದು ಒಂದೇ ಎಸೆತಕ್ಕೆ. 2023ರ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್, ಸಮಯ ಮುಗಿಯುವ ಕ್ಷಣ. ಸ್ಯಾನ್ ಡಿಯೇಗೊ ಸ್ಟೇಟ್ 72, ಫ್ಲಾರಿಡಾ ಅಟ್ಲಾಂಟಿಕ್ 71. ಅವನ ನಿಜವಾದ ಕಸುಬು ರಕ್ಷಣೆ. ನೋಡಬೇಕಾದದ್ದು ಅವನ ಪಾದಗಳನ್ನು. ಎದುರಾಳಿ ಎಡಕ್ಕೆ ವಾಲುವ ಮೊದಲೇ ಇವನ ಬಲಗಾಲು ಅಲ್ಲಿ ಊರಿರುತ್ತದೆ. ಚೆಂಡು ಕಸಿದರೆ ಅಂಕಿಯಾಗುತ್ತದೆ. ಎದುರಾಳಿ ‘ಬೇಡಪ್ಪ ಈ ದಾರಿ’ ಎಂದು ಹಿಂದಿರುಗಿ ಬೇರೆಯವನಿಗೆ ಪಾಸ್ ಕೊಟ್ಟದ್ದನ್ನು ಯಾರೂ ಬರೆದಿಡುವುದಿಲ್ಲ.

*

ಅಮಾರಿ ವಿಲಿಯಮ್ಸ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನವನು. ಡ್ರೆಕ್ಸೆಲ್‌ನಲ್ಲಿ ಸತತ ಮೂರು ವರ್ಷ ತನ್ನ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರ. ಎತ್ತರದವನು ಬುಟ್ಟಿಯ ಕೆಳಗೇ ಇರುತ್ತಾನೆ ಎಂದು ಕಣ್ಣು ಅಲ್ಲಿಗೆ ಹೋದರೆ ಅವನು ಅಲ್ಲಿಲ್ಲ. ಫ್ರೀ ಥ್ರೋ ಗೆರೆಯಾಚೆ ನಿಂತು, ಎಡಗೈಯಲ್ಲಿ ಚೆಂಡು ಹಿಡಿದು, ಏನೂ ಅವಸರವಿಲ್ಲದವನ ಹಾಗೆ ಕಾಯುತ್ತಾನೆ. ಅವನನ್ನು ಕಾಯುವ ಎದುರಾಳಿ ತಂಡದ ಎತ್ತರದ ಆಟಗಾರ ಬುಟ್ಟಿ ಬಿಟ್ಟು ಹೊರಬರಲೇಬೇಕು. ಬಂದದ್ದೇ ತಡ, ಮೂಲೆಯಲ್ಲಿದ್ದ ನಮ್ಮವನೊಬ್ಬ ಬೇಸ್‌ಲೈನ್ ಹಿಡಿದು ಬುಟ್ಟಿಯತ್ತ ಓಡುತ್ತಾನೆ. ಚೆಂಡು ನೆಲಕ್ಕೆ ಒಮ್ಮೆ ಪುಟಿದು ಓಡುವವನ ಅಂಗೈಗೆ ಬಂದಿರುತ್ತದೆ. ಪಾಯಿಂಟು ಓಡಿದವನ ಲೆಕ್ಕಕ್ಕೆ. ಆದರೆ ಬೇಟೆ ಶುರುವಾದದ್ದು ಕಾದವನಿಂದ.

ಇಡೀ ಪಟ್ಟಿಯಲ್ಲಿ ನನಗೆ ಮೊದಲ ನೋಟಕ್ಕೇ ಹಿಡಿಸಿದವನು ಇವನು. ಫ್ರೀ ಥ್ರೋ ಹಾಕುವಾಗ ಮಾತ್ರ ನೋಡದಿರುವುದು ಒಳ್ಳೆಯದು.

*

ಜ್ಯಾಕ್ಸನ್ ರಾಬಿನ್ಸನ್‌ಗೆ ಇದು ನಾಲ್ಕನೇ ಕಾಲೇಜು. ಹಿಂದಿನದರಲ್ಲಿ, ಬ್ರಿಗಮ್ ಯಂಗ್‌ನಲ್ಲಿ, ಕೋಚ್ ಆಗಿದ್ದವರು ಇದೇ ಪೋಪ್. ಕಾಲೇಜು ಬದಲಿಸುವವರನ್ನು ಅಲೆಮಾರಿ ಎನ್ನುವ ಮುನ್ನ ಇದನ್ನೂ ನೋಡಬೇಕು: ಕಟ್ಟಡಕ್ಕೆ ನಿಷ್ಠನಾಗದವನು ಮನುಷ್ಯನಿಗೆ ನಿಷ್ಠನಾಗಿರಬಹುದು.

*

ಹಳಬರು 1992ರ ನಾಲ್ವರನ್ನು ನೆನೆಯದೆ ಮಾತು ಮುಗಿಸುವುದಿಲ್ಲ. ಫಾರ್ಮರ್, ಪೆಲ್ಫ್ರೀ, ಫೆಲ್ಡ್‌ಹಾಸ್, ವುಡ್ಸ್. ತಂಡದ ಮೇಲೆ ನಿರ್ಬಂಧ ಬಿದ್ದಾಗ ಬಿಟ್ಟುಹೋಗದೆ ನಿಂತವರು. ಕೊನೆಗೆ ಡ್ಯೂಕ್ ಎದುರು ಓವರ್‌ಟೈಮ್‌ನ ಕಡೆಯ ಎಸೆತದಲ್ಲಿ 104-103ರಿಂದ ಸೋತರು. ಪ್ರಶಸ್ತಿ ಗೆಲ್ಲದವರ ಅಂಗಿಗಳು ರಪ್ ಅರೀನಾದಲ್ಲಿ ಮೇಲೇರಿವೆ, ನಿಂತದ್ದಕ್ಕೆ. ಆ ಅಳತೆಗೋಲನ್ನು ಹೊಸಬರ ಮೇಲಿಡುವುದು ಅನ್ಯಾಯ. ಇವರಲ್ಲಿ ಅರ್ಧದಷ್ಟು ಜನಕ್ಕೆ ಕಾಲೇಜು ಆಟದಲ್ಲಿ ಅದೇ ಕೊನೆಯ ವರ್ಷ. ನಿಲ್ಲಲು ವರ್ಷವೇ ಇಲ್ಲದವನನ್ನು ನಿಲ್ಲಲಿಲ್ಲ ಎಂದು ದೂರುವುದು ಹೇಗೆ?

*

ಕೆರ್ ಕ್ರೀಸಾ ಎಸ್ಟೋನಿಯಾದವನು. ಪಟ್ಟಿಯನ್ನು ಜೋರಾಗಿ ಓದಿದರೆ ಭೂಗೋಳದ ಪಾಠ.

*

ಇಷ್ಟು ಹೊರಗಿನವರ ನಡುವೆ ಇಬ್ಬರು ಊರ ಹುಡುಗರಿದ್ದರು. ಲಯನ್ ಕೌಂಟಿಯ ಟ್ರಾವಿಸ್ ಪೆರಿ ರಾಜ್ಯದ ಹೈಸ್ಕೂಲ್ ಇತಿಹಾಸದಲ್ಲೇ ಅತಿ ಹೆಚ್ಚು ಪಾಯಿಂಟ್ ಗಳಿಸಿದ ಹುಡುಗ. ಪೂರ್ವದ ಬೆಟ್ಟಗಳ ಕಡೆಯ, ಕಲ್ಲಿದ್ದಲು ಗಣಿಗಳ ಹಾರ್ಲನ್ ಕೌಂಟಿಯಿಂದ ಟ್ರೆಂಟ್ ನೋವಾ. ಆ ವರ್ಷದ ಮಾರ್ಚಿನಲ್ಲಿ ರಾಜ್ಯ ಫೈನಲ್‌ನಲ್ಲಿ ಇಬ್ಬರೂ ಎದುರುಬದುರು ನಿಂತಿದ್ದರು, ಅದೂ ಇದೇ ರಪ್ ಅರೀನಾದಲ್ಲಿ. ಲಯನ್ ಗೆದ್ದಿತು. ಅಕ್ಟೋಬರಿನಲ್ಲಿ ಒಂದೇ ಅಂಗಿ.

ಊರ ಹುಡುಗ ಬೆಂಚಿನಿಂದ ಎದ್ದ ಕೂಡಲೇ ಚಪ್ಪಾಳೆ. ಹೊರಗಿನವನು ಅದನ್ನು ಸಂಪಾದಿಸಬೇಕು. ಎಲ್ಲಾ ಊರಿನಲ್ಲೂ ಹೀಗೇ, ತಪ್ಪೆಂದೂ ನನಗನ್ನಿಸುವುದಿಲ್ಲ. ಆದರೆ ಒಂದೇ ವರ್ಷಕ್ಕೆ ಪೆರಿ ಓಲ್ ಮಿಸ್‌ಗೆ ಹೊರಟ, ನೋವಾ ಉಳಿದ. ಊರಿನ ಪ್ರೀತಿ ಎಷ್ಟಿದ್ದರೂ ಆಡುವ ಹುಡುಗನಿಗೆ ಬೇಕಾದದ್ದು ನಿಮಿಷಗಳು. ಅವನ್ನು ಹಂಚುವುದು ಊರಲ್ಲ, ಕೋಚ್.

*

ಮೊದಲ ನೋಟದಲ್ಲಿ ಒಟೇಗಾ ಓವೇಯ ಬಗ್ಗೆ ಹೇಳಿದ್ದು ಒಂದೇ ಸಾಲು: ಓಕ್ಲಹೋಮಾದಿಂದ ಬಂದವನು, ಗಟ್ಟಿಗ, ರಕ್ಷಣೆ ಚೆನ್ನಾಗಿ ಮಾಡುತ್ತಾನೆ. ನವೆಂಬರಿನಲ್ಲಿ ಅಟ್ಲಾಂಟಾದಲ್ಲಿ ಡ್ಯೂಕ್ ಎದುರು, ಕೊನೆಯ ಸೆಕೆಂಡುಗಳಲ್ಲಿ, ದೇಶವೇ ಕೊಂಡಾಡುತ್ತಿದ್ದ ಕೂಪರ್ ಫ್ಲ್ಯಾಗ್‌ನ ಕೈಯಿಂದ ಚೆಂಡು ಕಿತ್ತುಕೊಂಡು ಎರಡು ಫ್ರೀ ಥ್ರೋ ಹಾಕಿದವನು ಅವನೇ. 77-72. ಆ ವರ್ಷ ತಂಡಕ್ಕೆ ಅತಿ ಹೆಚ್ಚು ಪಾಯಿಂಟ್ ತಂದವನೂ ಅವನೇ. ಅಭಿಮಾನಿ ಪಂಡಿತರು ಮರುದಿನ ಬೆಳಗ್ಗೆ ‘ನಾನು ಆಗಲೇ ಹೇಳಿದ್ದೆ’ ಎಂದರು. ಯಾರೂ ಹೇಳಿರಲಿಲ್ಲ.

*

ತಂಡವಾಗುವುದು ಪಟ್ಟಿಯಲ್ಲಲ್ಲ, ಗಾಯದಲ್ಲಿ. ಬಟ್ಲರ್‌ನ ಭುಜ, ರಾಬಿನ್ಸನ್‌ನ ಮಣಿಕಟ್ಟು, ಕ್ರೀಸಾನ ಪಾದ. ಯಾರಿಲ್ಲದಿದ್ದರೆ ಯಾರು ಚೆಂಡು ತರಬೇಕು ಎಂದು ಚರ್ಚೆ ಶುರುವಾದ ದಿನ ಆ ಹೆಸರುಗಳೆಲ್ಲ ಬಾಯಿಗೆ ಸಲೀಸಾಗಿದ್ದವು.

*

2025ರಲ್ಲಿ ಮತ್ತೊಂದು ಪಟ್ಟಿ, ಮತ್ತೆ ಬಹುಪಾಲು ಹೊಸಬರು. ಒಂದೇ ವರ್ಷ ಆಡಿದ್ದ ಓವೇ ಆಗ ಹಿರಿಯ ತಲೆ. ಹೊಸಬರಲ್ಲಿ ಡೆನ್ಜೆಲ್ ಅಬರ್‌ಡೀನ್ ಇದ್ದ, ಚಾಂಪಿಯನ್ ಫ್ಲಾರಿಡಾದಿಂದ ಬಂದವನು. ಆ ವರ್ಷದ ಜನವರಿಯಲ್ಲಿ ಅದೇ ಫ್ಲಾರಿಡಾ ರಪ್ ಅರೀನಾಕ್ಕೆ ಬಂದಾಗ ನಾವು 106-100ರಿಂದ ಗೆದ್ದಿದ್ದೆವು. ಆ ದಿನ ಅವನ ತಂಡದವರನ್ನು ಏನೇನೆಂದು ಕೂಗಿದೆವೋ ನಮಗೆ ಮರೆತಿದೆ. ಅವನಿಗೂ ಮರೆತಿದ್ದರೆ ಸಾಕು.